ಸ್ಟ್ರೋಕ್ ಆದವರ ಕಾಲಿನ ಬಲ: ಡೈನಮೋಮೀಟರ್ ಅಂಕಿ ಯಾಕೆ ಏರುಪೇರು?

ಫಿಸಿಯೋ_ಬೇಲೂರು:
ಮನೆಗೇ ಹೋಗಿ ಚಿಕಿತ್ಸೆ ಕೊಡುತ್ತಿರುವ ಸ್ಟ್ರೋಕ್ ರೋಗಿಯೊಬ್ಬರ ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ಒಂದು ತಿಂಗಳಿಂದ ಎಂಆರ್‌ಸಿ ಗ್ರೇಡ್ 4ರಲ್ಲೇ ಇದೆ (ಕೈಯಿಂದ ಒತ್ತಿ ನೋಡಿ ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಕೊಡುವ ಅಂಕ). ಕೈಯಲ್ಲಿ ಹಿಡಿದು ಬಲ ಅಳೆಯುವ ಸಾಧನವಾದ ಡೈನಮೋಮೀಟರ್ ಒಮ್ಮೆ 9 ಕೆಜಿ ತೋರಿಸಿದರೆ ಇನ್ನೊಮ್ಮೆ 14. ಯಾವುದನ್ನು ನಂಬಬೇಕು?

ನ್ಯೂರೋ_ಪಿಟಿ_ಹಾಸನ:
ಗ್ರೇಡ್ 4 ಬಹಳ ಅಗಲ. ಸ್ವಲ್ಪ ತಡೆ ತಾಳುವವರೂ ಅದರಲ್ಲೇ, ಹೆಚ್ಚುಕಡಿಮೆ ಪೂರ್ಣ ಬಲ ಇರುವವರೂ ಅದರಲ್ಲೇ. ಸುಧಾರಣೆ ಕಾಣಬೇಕಾದರೆ ಡೈನಮೋಮೀಟರ್ರೇ ಬೇಕು, ಆದರೆ ವಿಧಾನ ಬದಲಾಗಬಾರದು.

ಮಂಚ ಬೇಡ, ಹಾಸಿಗೆ ಕುಸಿಯುತ್ತದೆ. ಪಾದ ನೆಲಕ್ಕೆ ತಾಗದಷ್ಟು ಎತ್ತರದ ಗಟ್ಟಿ ಮೇಜಿನ ಮೇಲೆ ಕೂರಿಸಿ, ಬೀಳದಂತೆ ಪಕ್ಕದಲ್ಲಿ ಒಬ್ಬರಿರಲಿ. ಸೊಂಟ, ಮಂಡಿ ಎರಡೂ 90 ಡಿಗ್ರಿ. ಡೈನಮೋಮೀಟರಿನ ಪ್ಯಾಡ್ ಕಾಲಿನ ಗಿಣ್ಣಿಗಿಂತ ತುಸು ಮೇಲೆ, ಮುಂಭಾಗದಲ್ಲಿ. ಮಂಡಿಯ ಸಂದಿನಿಂದ ಅಲ್ಲಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದು ಬರೆದಿಡಿ. 35 ಸೆಂ.ಮೀ.ನಲ್ಲಿ 10 ಕೆಜಿ ತೋರಿಸುವ ಅದೇ ಬಲ 28 ಸೆಂ.ಮೀ.ನಲ್ಲಿ 12.5 ಆಗುತ್ತದೆ. ನಿಮ್ಮ ಏರುಪೇರಿನ ದೊಡ್ಡ ಪಾಲು ಇಲ್ಲೇ ಇರಬಹುದು.

ಇನ್ನೊಂದು ಕಾರಣ ನಿಮ್ಮ ಕೈ. ರೋಗಿ ನಿಧಾನವಾಗಿ ಬಲ ಏರಿಸಿ 4–5 ಸೆಕೆಂಡ್ ತಳ್ಳಬೇಕು, ನೀವು ಅಲುಗಬಾರದು. ನೀವೇ ಎದುರು ತಳ್ಳಿ ಕಾಲನ್ನು ಸೋಲಿಸಲು ಹೋದರೆ ಅಂಕಿ ಏರುತ್ತದೆ, ಬಿಗಿತ ಇರುವ ಕಾಲಲ್ಲಂತೂ ಇನ್ನೂ ಹೆಚ್ಚು. ಡೈನಮೋಮೀಟರ್ ಅಲುಗದಂತೆ ಹಿಡಿಯಲು ಬೆಲ್ಟನ್ನು ಮೇಜಿನ ಹಿಂಬದಿ ಕಾಲಿಗೆ ಕಟ್ಟಿ, ಅದು ರೋಗಿಯ ಮಂಡಿಯ ಕೆಳಗಿನ ಕಾಲಿಗೆ ಲಂಬವಾಗಿ ಎಳೆದಿರಲಿ. ಒಂದು ಅಭ್ಯಾಸ, ಆಮೇಲೆ ಮೂರು ಸಲ, ನಡುವೆ ಒಂದು ನಿಮಿಷ ವಿಶ್ರಾಂತಿ, ಸರಾಸರಿ ಬರೆಯಿರಿ.

ರಿಹ್ಯಾಬ್_ಚಿಕ್ಕಮಗಳೂರು:
ಬಲ ಅಳೆಯುವ ಮುಂಚೆ ಮಾಡಿಫೈಡ್ ಆಶ್ವರ್ತ್ ಮಾಪಕದಲ್ಲಿ (ಸ್ನಾಯು ಬಿಗಿತಕ್ಕೆ ಅಂಕ ಕೊಡುವ ವಿಧಾನ) ಬಿಗಿತ ಗುರುತಿಸಿಕೊಳ್ಳಿ. ಮಳೆಗಾಲದ ಚಳಿಯಲ್ಲಿ ಎಷ್ಟೋ ಜನರಿಗೆ ಅದು ಹೆಚ್ಚುತ್ತದೆ, ಹಾಗಾಗಿ ಹೊತ್ತು, ಕೋಣೆ ಎರಡೂ ಒಂದೇ ಇರಲಿ. ಮಾತು ಅರ್ಥವಾಗದವರಿಗೆ ಮೊದಲು ಸರಿಯಿರುವ ಕಾಲಲ್ಲಿ ಮಾಡಿಸಿ ತೋರಿಸಿ.

ಪಾದದ ವಿಷಯದಲ್ಲಿ ಎಚ್ಚರ. ಸೊಂಟ, ಮಂಡಿ ಮಡಚಿದಾಗ ಮಾತ್ರ ಪಾದ ಮೇಲೇಳುತ್ತಿದ್ದರೆ ಅದು ಸಿನರ್ಜಿ, ಅಂದರೆ ಹಲವು ಸ್ನಾಯುಗಳು ಬಿಡಿಯಾಗಿ ಅಲ್ಲದೆ ಒಟ್ಟಿಗೇ ಎಳೆದುಕೊಳ್ಳುವುದು. ಅದಕ್ಕೆ ಗ್ರೇಡ್ ಕೊಡಬೇಡಿ, ಯಾವ ಭಂಗಿಯಲ್ಲಿ ಎದ್ದಿತು ಅಂತ ಬರೆಯಿರಿ.

ಫಿಸಿಯೋ_ಬೇಲೂರು:
ಪಾರ್ಕಿನ್ಸನ್, ಮಯಸ್ತೇನಿಯಾ (ಸ್ನಾಯು ಬೇಗ ದಣಿಯುವ ರೋಗ) ಇದ್ದವರಿಗೂ ಹೀಗೇನಾ?

ನ್ಯೂರೋ_ಪಿಟಿ_ಹಾಸನ:
ಪಾರ್ಕಿನ್ಸನ್‌ನಲ್ಲಿ ಅದರ ಔಷಧಿ ಲೆವೊಡೋಪಾ ನುಂಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ. ಮಯಸ್ತೇನಿಯಾದಲ್ಲಿ ಮೊದಲ ಸಲ ಬಲ ಸರಿಯಾಗೇ ಬರಬಹುದು, ಮತ್ತೆ ಮತ್ತೆ ಮಾಡಿಸಿದಾಗ ಕುಸಿಯುವುದೇ ರೋಗದ ಗುರುತು. ಅವರಲ್ಲೂ ಗಿಯಾನ್ ಬರೇ (ನರಗಳಿಗೆ ಪೆಟ್ಟಾಗಿ ಬಲ ಕುಂದುವ ರೋಗ) ಇರುವವರಲ್ಲೂ ದಿಂಬಿನಿಂದ ತಲೆ ಎತ್ತಲಾಗದಿದ್ದರೆ ಅಥವಾ ಒಂದೇ ಉಸಿರಲ್ಲಿ 20ರವರೆಗೆ ಎಣಿಸಲಾಗದಿದ್ದರೆ ಅಳತೆ ಅಲ್ಲಿಗೇ ಬಿಟ್ಟು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಕಳಿಸಿ.