ಗೇರ್ ಆಯಿಲ್ ಹಾಲು ಹಾಕಿದ ಚಾ ಆಗೈತಿ: ಕಾಯಿಸಿ ವಾಪಸ್ ಹಾಕಬೇಕೋ, ಚೆಲ್ಲಬೇಕೋ?

ಕಾರಟಗಿ ರೈತ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಹಳೇ ಮ್ಯಾಸಿ 1035 ಟ್ರ್ಯಾಕ್ಟರ್, ಅಪ್ಪಾರು ತಂದದ್ದು. ಈ ಸಲ ಭತ್ತದ ಗದ್ದಿಗೆ ಕೇಜ್ ವೀಲ್ (ಕೆಸರಾಗ ಓಡೋ ಕಬ್ಬಿಣದ ಗಾಲಿ) ಹಾಕಿ ಕೆಸರು ಹೊಡದು ಬಂದ ಮ್ಯಾಲೆ ಹಿಂದಿನ ನೇಗಿಲಾ ಎತ್ತೋ ಲಿಫ್ಟ್ ಏಳಾಕ ತಡಾ ಮಾಡಾಕತ್ತೈತಿ, ಎದ್ರೂ ನಡುಗತೈತಿ. ಆಯಿಲ್ ಮಟ್ಟ ನೋಡೋ ಕಡ್ಡಿ ಎತ್ತಿ ನೋಡಿದ್ರ ಆಯಿಲ್ ಹಾಲು ಹಾಕಿದ ಚಾದಂಗ ಆಗೈತಿ. ಮಟ್ಟ ಗುರ್ತಿಗಿಂತ ಎರಡು ಬೆರಳು ಮ್ಯಾಲೈತಿ, ನಾವು ಒಂದು ಹನಿ ಹಾಕಿಲ್ಲ. ಹೊಸಾ ಆಯಿಲ್ ಹಾಕಿ ಇನ್ನಾ ವರ್ಷ ತುಂಬಿಲ್ರಿ. 30 ಲೀಟರ್ ಹತ್ರ ಹಿಡಿತೈತಿ, ಲೀಟರಿಗೆ 250 ಅಂದ್ರೂ 7,500 ಆತು. ಊರಾಗ ಹಿರೇರೊಬ್ರು "ಇಳಿಸಿ ಕಡಾಯದಾಗ ಕಾಯಿಸು, ನೀರು ಹಾರಿ ಹೋಗತೈತಿ" ಅಂತಾರ. ಯಾರಾದ್ರೂ ಮಾಡೀರೇನ್ರಿ?

ಮದ್ದೂರು ಗದ್ದೆ:
ನಾನು ಮಾಡಿವ್ನಿ ಅಣ್ಣ. ಸಣ್ಣ ಉರೀಲಿ ಕಾಯ್ಸಿ, ಚಟಪಟ ಸದ್ದು ನಿಂತ್ಮೇಲೆ ಇಳ್ಸಿ, ಬಟ್ಟೇಲಿ ಸೋಸಿ ಹಾಕ್ದೆ. ಎರಡು ವರ್ಷ ಓಡ್ತು. ಕಬ್ಬಿನ ದುಡ್ಡು ಕೈಗೆ ಬರೋ ತನಕ ಏಳೂವರೆ ಸಾವ್ರ ಎಲ್ಲಿಂದ ತರಾನೆ?

ಗ್ಯಾರೇಜ್ ಮೇಷ್ಟ್ರು:
ದಯವಿಟ್ಟು ಯಾರೂ ಕಾಯಿಸಬೇಡಿ. ನೀರು ಎಣ್ಣೆಗಿಂತ ಭಾರ, ಪಾತ್ರೆಯ ತಳದಲ್ಲಿ ಕೂತಿರುತ್ತೆ. ತಳ ನೂರು ಡಿಗ್ರಿ ದಾಟಿದ ಕೂಡಲೇ ಆವಿಯಾಗಿ ಮೇಲಿನ ಎಣ್ಣೆಯನ್ನೆಲ್ಲ ನೊರೆ ಮಾಡಿ ಉಕ್ಕಿಸುತ್ತೆ, ಕೆಳಗೆ ಬೆಂಕಿ ಇರುತ್ತೆ. ನಮ್ಮ ಶೆಡ್ಡಿಗೆ ಬರುತ್ತಿದ್ದ ಹುಡುಗನೊಬ್ಬನ ಎರಡೂ ಮುಂಗೈ ಹೀಗೇ ಸುಟ್ಟವು. ಆರು ತಿಂಗಳು ಅವನು ಸ್ಪ್ಯಾನರ್ ಹಿಡಿಯಲಿಲ್ಲ.

ನೀರಿದೆಯೋ ಇಲ್ಲವೋ ನೋಡೋಕೆ ಬೇಕಾದರೆ ಬಿಸಿ ತವಾ ಮೇಲೆ ಎರಡೇ ಎರಡು ಹನಿ ಬಿಡಿ. ಚಟಪಟ ಅಂದರೆ ನೀರಿದೆ. ಕಾಯಿಸೋದು ಅಷ್ಟಕ್ಕೇ ಸಾಕು.

ಮದ್ದೂರು ಗದ್ದೆ:
ಹಂಗಾದ್ರೆ ಗಾಡೀಲೇ ಓಡ್ಸಿ ಓಡ್ಸಿ ಬಿಸಿ ಮಾಡುದ್ರೆ? ಮುಚ್ಚಳ ತೆಗ್ದು ಬಿಟ್ರೆ ಆವಿ ಹೋಗಕಿಲ್ವಾ?

ಗ್ಯಾರೇಜ್ ಮೇಷ್ಟ್ರು:
ಹೋಗಲ್ಲ. ಇಂಜಿನ್ ಆಯಿಲ್ ಕಾದಷ್ಟು ಗೇರ್ ಆಯಿಲ್ ಕಾಯಲ್ಲ. ದಿನವಿಡೀ ಉತ್ತರೂ ಗೇರ್ ಇರೋ ಹೌಸಿಂಗ್ (ಹೊರಗಿನ ಕಬ್ಬಿಣದ ಪೆಟ್ಟಿಗೆ) ಮೇಲೆ ಅಂಗೈ ಒಂದು ಕ್ಷಣ ಇಡೋ ಹಾಗಿರುತ್ತೆ. ಅಷ್ಟು ಬಿಸಿಗೆ ನೀರು ಪೂರ್ತಿ ಹಾರಲ್ಲ, ಗೇರ್‌ಗಳು ಮಜ್ಜಿಗೆ ಕಡೆದ ಹಾಗೆ ಕಡೆದು ಇನ್ನಷ್ಟು ಬೆರೆಸುತ್ತವೆ. ಮ್ಯಾಸಿಯಲ್ಲಿ ಲಿಫ್ಟ್ ಪಂಪು ಅದೇ ಎಣ್ಣೆಯಲ್ಲಿ ಮುಳುಗಿರುತ್ತೆ, ಎಳೆಯೋದೂ ಅದನ್ನೇ. ಲಿಫ್ಟ್ ನಡುಗ್ತಿರೋದು ಅದಕ್ಕೇ. ಹೀಗೇ ನಿಲ್ಲಿಸಿಬಿಟ್ಟರೆ ಬೇರಿಂಗ್ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತೆ. ಮುಂದಿನ ಸುಗ್ಗಿಗೆ ಕುಂಯ್ ಅಂತ ಸದ್ದು ಶುರುವಾದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತೆ. ಆವಾಗ ಏಳೂವರೆ ಸಾವಿರ ಯಾವ ಮೂಲೆಗೂ ಸಾಲಲ್ಲ.

ಭದ್ರಾ ನಾಲೆ:
ಇಳಿಸೋದು, ತುಂಬೋದು ಆಮೇಲೆ. ನೀರು ಎಲ್ಲಿಂದ ಬಂತು ಅನ್ನೋದನ್ನು ಯಾರೂ ಕೇಳಲಿಲ್ಲ. ನಮ್ಮ ಕಡೆ ರೊಳ್ಳೆ (ಗದ್ದೆ ಕೆಸರು) ಹೊಡೆದ ಮೇಲೆ ಎಲ್ಲರೂ ಆಕ್ಸಲ್ ಸೀಲನ್ನೇ, ಅಂದರೆ ಚಕ್ರದ ಅಚ್ಚಿನ ಹತ್ತಿರ ಎಣ್ಣೆ ತಡೆಯೋ ರಬ್ಬರ್ ಬಳೆಯನ್ನೇ ಬೈಯ್ತಾರೆ. ನನ್ನ ಗಾಡಿಗೆ ಎರಡೂ ಸೀಲ್ ಬದಲಾಯಿಸಿ, ಹೊಸ ಎಣ್ಣೆ ಹಾಕಿದ ಎರಡೇ ತಿಂಗಳಿಗೆ ಮತ್ತೆ ಬಿಳಿ ಆಯ್ತು. ಕೊನೆಗೆ ನೋಡಿದರೆ ಗೇರ್ ಲಿವರ್ ಬುಡದ ರಬ್ಬರ್ ಹರಿದಿತ್ತು. ಮಳೆಗೆ ಹೊರಗೆ ನಿಲ್ಲಿಸಿದಾಗ, ಪ್ರೆಷರ್ ಪಂಪ್ ಹಿಡಿದು ತೊಳೆದಾಗ ನೀರು ಲಿವರ್ ಗುಂಟ ನೆಟ್ಟಗೆ ಕೆಳಗೆ ಇಳೀತಿತ್ತು. ಕಾರಟಗಿಯವರೇ, ಮೊದಲು ಅದನ್ನು ಎತ್ತಿ ನೋಡಿ. ಬ್ರೀದರ್ (ಒಳಗಿನ ಗಾಳಿ ಆಡೋ ಕಿಂಡಿ), ಕಡ್ಡಿಯ ವಾಷರ್ ಎರಡನ್ನೂ ನೋಡಿ. ಇನ್ನೊಂದು ಮಾತು, ಟಿಪ್ಪಿಂಗ್ ಟ್ರೈಲರ್ (ಜಾಕಿನಿಂದ ಎತ್ತಿ ಸುರಿಯೋ ಟ್ರೈಲರ್) ಕಟ್ತೀರಾ?

ಕಾರಟಗಿ ರೈತ:
ಅಣ್ಣಾರ, ಈಗ ಹೋಗಿ ನೋಡಿ ಬಂದ್ನಿರಿ. ರಬ್ಬರ್ ಹಿಂದಿನ ಮಗ್ಗಲು ಬೆರಳು ತೂರುವಷ್ಟು ಸೀಳೈತಿ, ಸೀಟ್ ಕಡೆಯಿಂದ ಕಾಣಂಗಿಲ್ಲ. ಸೀಳಿನ ಸುತ್ತ ಕೆಸರು ಒಣಗಿ ಕುಂತೈತಿ. ಟ್ರೈಲರ್ ನಮ್ದಿಲ್ಲ, ಬ್ಯಾಸಿಗ್ಯಾಗ ಗೊಬ್ಬರ ಹೊಡಿಯಾಕ ಎರವು ತಂದಿದ್ವಿ.

ಭದ್ರಾ ನಾಲೆ:
ಅದನ್ನೇ ಕೇಳಿದ್ದು. ಟ್ರೈಲರ್ ಜಾಕ್ ಎದ್ದೇಳೋದು ನಿಮ್ಮ ಗಾಡಿಯ ಎಣ್ಣೆಯಲ್ಲಿ, ಇಳಿಯುವಾಗ ಜಾಕಿನ ಎಣ್ಣೆ ನಿಮ್ಮ ಹೌಸಿಂಗಿಗೇ ವಾಪಸ್ ಬರುತ್ತೆ. ಹತ್ತು ಊರು ಸುತ್ತಿದ ಟ್ರೈಲರಿನ ಪೈಪ್ ತುದಿ ನೆಲದ ಮೇಲೆ ಬಿದ್ದಿರುತ್ತೆ. ಹೊಸ ಎಣ್ಣೆ ಹಾಕಿದ ಮೇಲೆ ಅದೇ ಟ್ರೈಲರ್ ಕಟ್ಟಿದರೆ ಮಾಡಿದ್ದೆಲ್ಲ ನೀರುಪಾಲು.

ಗ್ಯಾರೇಜ್ ಮೇಷ್ಟ್ರು:
ಒಳ್ಳೆ ಮಾತು, ನನಗೆ ಹೊಳೆದಿರಲಿಲ್ಲ. ಈಗ ಕೆಲಸಕ್ಕೆ ಬರೋಣ. ಗಾಡಿಯನ್ನು ಮಟ್ಟ ಜಾಗದಲ್ಲಿ ಮೂರು ದಿನ ಅಲುಗಿಸದೆ ನಿಲ್ಲಿಸಿ. ಲಿಫ್ಟ್ ಪೂರ್ತಿ ಕೆಳಗಿರಲಿ, ಇಲ್ಲದಿದ್ದರೆ ಸಿಲಿಂಡರಿನಲ್ಲಿ ಎಣ್ಣೆ ಉಳಿದುಬಿಡುತ್ತೆ. ಆಮೇಲೆ ಡ್ರೈನ್ ನಟ್ ನಿಧಾನ ಸಡಿಲ ಮಾಡಿ, ಮೊದಲು ಬರೋ ಬರೀ ನೀರನ್ನು ಬೇರೆ ಡಬ್ಬಿಗೆ ಹಿಡಿಯಿರಿ. ಒಂದೇ ನಟ್ ಬಿಚ್ಚಿ ಮುಗೀತು ಅನ್ನಬೇಡಿ, ಅಡಿಯಲ್ಲಿ ಎಷ್ಟಿವೆಯೋ ಅಷ್ಟನ್ನೂ ಬಿಚ್ಚಿ. ಹೌಸಿಂಗಿನ ಒಳಗೆ ಅಡ್ಡಗೋಡೆ ಇರೋದರಿಂದ ಒಂದೊಂದು ಕೋಣೆಯಲ್ಲಿ ಒಂದಿಷ್ಟು ನಿಂತುಬಿಡುತ್ತೆ. ಆಮೇಲೆ ಡೀಸೆಲ್ ಹಾಕಿ ತೊಳೆಯಿರಿ.

ಮದ್ದೂರು ಗದ್ದೆ:
ಮೇಷ್ಟ್ರೇ, ಡೀಸೆಲ್ ಮಾತ್ರ ನಾನು ಒಪ್ಪಕಿಲ್ಲ. ಅದ್ರಲ್ಲಿ ಜಿಡ್ಡೇ ಇಲ್ಲ. ಡೀಸೆಲಲ್ಲಿ ಪಂಪು ತಿರುಗ್ಸುದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹೋಯ್ತದೆ. ಕಾಯ್ಸದು ಬ್ಯಾಡ, ಬುಡಿ. ಇಳಿಸಿದ್ ಎಣ್ಣೇನ ಕ್ಯಾನ್‌ಗೆ ತುಂಬಿ ಒಂದು ವಾರ ಬಿಸ್ಲಲ್ಲಿ ಇಟ್ರೆ? ಮೇಲ್ಗಡೆ ತಿಳಿಯಾಗಿದ್ದನ್ನ ಪೈಪಲ್ಲಿ ಎಳ್ಕಂಡು ತೊಳ್ಯೋಕೆ ಬಳಸ್ಬೋದಲ್ವಾ?

ಗ್ಯಾರೇಜ್ ಮೇಷ್ಟ್ರು:
ಇದು ಸರಿ. ನನ್ನ ಡೀಸೆಲ್‌ಗಿಂತ ಇದೇ ಮೇಲು. ಪೂರ್ತಿ ತಿಳಿಯಾಗಲ್ಲ, ಈ ಎಣ್ಣೆಗಳಲ್ಲಿ ಬೆರೆಸಿರೋ ರಾಸಾಯನಿಕ ಒಂದಿಷ್ಟು ನೀರನ್ನು ಹಿಡಿದುಕೊಂಡೇ ಇರುತ್ತೆ. ಹಾಗಾಗಿ ಕಾಯಂ ಓಡಿಸೋಕೆ ಆಗಲ್ಲ, ತೊಳೆಯೋಕೆ ಧಾರಾಳ ಆಗುತ್ತೆ. ತೀರಾ ಮಂದ ಅನ್ನಿಸಿದರೆ ಎರಡು ಲೀಟರ್ ಡೀಸೆಲ್ ಸೇರಿಸಿ. ಹಿಂದಿನ ಆಕ್ಸಲ್ ಕೆಳಗೆ ದಿಮ್ಮಿ ಕೊಟ್ಟು ಚಕ್ರ ಎತ್ತಿ, ಬರೀ ಜಾಕ್ ನಂಬಬೇಡಿ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಸಣ್ಣ ರೇಸಿನಲ್ಲಿ ಒಂದೊಂದೇ ಗೇರ್ ಹಾಕಿ ಹತ್ತು ನಿಮಿಷ ತಿರುಗಿಸಿ. ಪಿಟಿಓ (ಹಿಂದೆ ಬೇರೆ ಯಂತ್ರ ತಿರುಗಿಸೋ ಶಾಫ್ಟ್) ಹಾಕಿದರೆ ಮಾತ್ರ ಪಂಪು ತಿರುಗೋದು ಅನ್ನೋದು ನೆನಪಿರಲಿ. ಲಿಫ್ಟನ್ನು ನಾಲ್ಕೈದು ಸಲ ಎತ್ತಿ ಇಳಿಸಿ, ಬಿಸಿ ಆರೋ ಮುಂಚೆ ಚೆಲ್ಲಿಬಿಡಿ. ಪಂಪಿನ ಜಾಲರಿ ತೊಳೆದು, ಆಮೇಲೆ ಹೊಸದು ತುಂಬಿ. ಇಳಿಸಿದ್ದನ್ನು ಕಾಲುವೆಗೆ ಬಿಡಬೇಡಿ. ಆ ನೀರನ್ನು ಕೆಳಗಿನ ಊರಿನವರ ದನ ಕುಡಿಯುತ್ತವೆ.

ಕಾರಟಗಿ ರೈತ:
ಹತ್ತು ದಿನದ ಮ್ಯಾಲೆ ಬರಿಯಾಕತ್ತೀನ್ರಿ. ನಟ್ ಸಡಿಲ್ ಮಾಡಿದ ಕೂಡ್ಲೇ ಬಂದದ್ದು ಬರೀ ನೀರು, ಮೂರು ತಂಬಿಗಿ, ತಳದಾಗ ನಮ್ಮ ಹೊಲದ್ದೇ ಕರೀ ಮಣ್ಣು. ಆಮೇಲೆ ಚಾ ಬಣ್ಣದ್ದು. ಅದರಾಗ ಅರ್ಧ ಎಣ್ಣಿ ಬಿಸಿಲಾಗ ತಿಳಿಯಾತು, ಅದರಿಂದನ ತೊಳದ್ವಿ. ಜಾಲರಿ ಮ್ಯಾಲೆ ಕೆನೆಯಂಗ ಕಟ್ಟಿತ್ತು, ಚಮಚದಲೆ ಕೆರದು ತಗದ್ವಿ. ಹೊಸಾ ಆಯಿಲ್ ಹಾಕಿವಿ. ರಬ್ಬರ್ ಗಂಗಾವತಿಯಾಗ ಸಿಕ್ತು. ಲಿಫ್ಟ್ ಈಗ ಸೀದಾ ಏಳತೈತ್ರಿ. ಟ್ರೈಲರ್ ಕೊಟ್ಟವರಿಗೂ ಹೇಳೀನಿ, ಐತವಾರ ಅವರ ಜಾಕ್ ಬಿಚ್ಚಿ ಎಣ್ಣಿ ಬಸಿಯೋರು ಅದೀವಿ.

ಭದ್ರಾ ನಾಲೆ:
ಒಂದು ವಾರ ಕೆಲಸ ಮಾಡಿದ ಮೇಲೆ ಕಡ್ಡಿ ಎತ್ತಿ ಬಣ್ಣ ಹೇಳಿ. ಮತ್ತೆ ಬಿಳಿ ತಿರುಗಿದರೆ ಆಗ ಆಕ್ಸಲ್ ಸೀಲ್ ನೋಡೋಣ.