ಪೀಣ್ಯ ಬಿಟ್ಟು ಹೋದರೆ ಬೆಳೀತೀವಾ? ಸಣ್ಣ ಕೈಗಾರಿಕೆಯ ಜಾಗದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಿಂದ): ಸರ್, ನಮಸ್ಕಾರ. ನಮ್ಮದು ಬಾಡಿಗೆ ಶೆಡ್. ಕಂಪ್ಯೂಟರ್ ಹಿಡಿತದಲ್ಲಿ ಓಡುವ ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಮಿಲ್ಲಿಂಗ್ ಮಷಿನ್), ಒಟ್ಟು ಒಂಬತ್ತು ಜನ. ಪಂಪ್, ಗೇರ್‌ಬಾಕ್ಸ್ ಶಾಫ್ಟ್‌ಗಳ ಜಾಬ್ ವರ್ಕ್ ಮಾಡ್ತೀವಿ. ಬಾಡಿಗೆ ಕಟ್ಟಿ ಸಾಕಾಗಿದೆ, ಇನ್ನೊಂದು ಮಷಿನ್ ಇಡೋಕೆ ಜಾಗವೂ ಇಲ್ಲ. ತುಮಕೂರಿನ ಆಚೆ ವಸಂತನರಸಾಪುರದಲ್ಲಿ ಸ್ವಂತ ಜಾಗ ತಗೊಳ್ಳೋಣ ಅಂತ ತಮ್ಮ ಹಟ ಹಿಡಿದಿದ್ದಾನೆ. ಪೀಣ್ಯ ಬಿಟ್ಟರೆ ಕೆಲಸ ಕೈತಪ್ಪುತ್ತಾ?

ಉತ್ತರ (ಸಣ್ಣ ಕೈಗಾರಿಕೆಗಳ ಸಲಹೆಗಾರ): ನಮಸ್ಕಾರ. ಬಾಡಿಗೆ ಲೆಕ್ಕಕ್ಕಿಂತ ಮೊದಲು ನಿಮ್ಮ ಒಂದು ಶಾಫ್ಟ್ ಗೇಟು ದಾಟಿ ಎಲ್ಲೆಲ್ಲಿ ಹೋಗಿ ಬರುತ್ತೆ ನೋಡಿ. ಟರ್ನಿಂಗ್, ಕೀ-ವೇ (ಕೀಲಿ ಕೂರುವ ಗಾಡಿ) ನಿಮ್ಮಲ್ಲೇ ಆಗುತ್ತೆ. ಆಮೇಲೆ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್‌ಗೆ ಒಂದು ಕಡೆ, ಗ್ರೈಂಡಿಂಗ್‌ಗೆ ಇನ್ನೊಂದು ಕಡೆ, ಕೆಲವಕ್ಕೆ ಪ್ಲೇಟಿಂಗ್ ಬೇರೆ. ಹೊಸ ಡ್ರಾಯಿಂಗ್ ಬಂದಾಗ ಹೀಟ್ ಟ್ರೀಟ್‌ಮೆಂಟ್‌ನವರು ಏನು ಹೇಳ್ತಾರೆ ಗಮನಿಸಿದ್ದೀರಾ? "ಇಷ್ಟು ಉದ್ದದ್ದನ್ನ ಮಲಗಿಸಿದರೆ ಬಾಗುತ್ತೆ, ನೇತುಹಾಕ್ತೀನಿ, ತುದಿಯಲ್ಲೊಂದು ಟ್ಯಾಪ್ (ತಿರುಪಿನ ತೂತು) ಹೊಡೆದು ಕೊಡಿ. ಗ್ರೈಂಡಿಂಗ್‌ಗೆ ವ್ಯಾಸದಲ್ಲಿ 0.3 ಮಿ.ಮೀ. ಬಿಟ್ಟಿರಿ." ಈ ಮಾತು ಡ್ರಾಯಿಂಗ್‌ನಲ್ಲಿ ಇರಲ್ಲ, ಕೊಟೇಶನ್‌ನಲ್ಲೂ ಇರಲ್ಲ. ನೀವು ಹತ್ತು ಪೀಸ್ ಹೊತ್ತುಕೊಂಡು ಅವರ ಬಾಗಿಲಿಗೆ ಹೋಗಿದ್ದಕ್ಕೆ, ಮುಂದೆಯೂ ಬರ್ತೀರಿ ಅನ್ನೋ ನಂಬಿಕೆಗೆ ಸಿಕ್ಕ ತಿಳಿವಳಿಕೆ ಅದು. ಪೀಣ್ಯದಲ್ಲಿ ನೀವು ಕೊಡುತ್ತಿರುವ ಬಾಡಿಗೆಯಲ್ಲಿ ಇದರ ಬೆಲೆಯೂ ಸೇರಿದೆ.

ಇದು ಒಂದು ದಿನದಲ್ಲಿ ಕೂಡಿಬಂದದ್ದಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನದ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಮಷಿನ್ ಟೂಲ್ ಮಾಡುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಶುರುವಾದವು. ಮಷಿನ್ ಟೂಲ್ ಸಂಶೋಧನೆಗೆ 1962ರಲ್ಲಿ ಸಿಎಂಟಿಐ, ಡೈ-ಮೋಲ್ಡ್ ತರಬೇತಿಗೆ 1972ರಲ್ಲಿ ಜಿಟಿಟಿಸಿ. ಅಲ್ಲೆಲ್ಲ ಕೈ ಪಳಗಿಸಿಕೊಂಡ ಎಷ್ಟೋ ಜನ ಹೊರಗೆ ಬಂದು ಸ್ವಂತ ಶೆಡ್ ಹಾಕಿದರು. ಹಳೇ ಸಹೋದ್ಯೋಗಿಯೇ ಗಿರಾಕಿ, ಅವರೇ ಸಪ್ಲೈಯರ್. ಕಸುಬಿನ ಗುಟ್ಟು ಇಂಥ ಊರಲ್ಲಿ ಗಾಳಿಯಲ್ಲೇ ಇರುತ್ತೆ ಅಂತ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿದ್ದರು. ಆಮೇಲಿನವರು ಅದನ್ನು ಅಳೆದೂ ನೋಡಿದ್ದಾರೆ. ಊರಿನ ಗಾತ್ರ ಎರಡು ಪಟ್ಟಾದರೆ ಅಲ್ಲಿನ ಉತ್ಪಾದಕತೆ ಶೇ 3ರಿಂದ 8ರಷ್ಟು ಏರುತ್ತೆ ಅನ್ನೋದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಅಂದಾಜು. ಆದರೆ ಈ ಲಾಭ ದೂರಕ್ಕೆ ಹೋಗಲ್ಲ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಜಾಹೀರಾತು ಕಂಪನಿಗಳನ್ನು ನೋಡಿದವರಿಗೆ ಕಂಡದ್ದು, ಒತ್ತಿನಲ್ಲಿರುವ ಕಂಪನಿಗಳಿಂದ ಆಗುವ ಅನುಕೂಲ 750 ಮೀಟರ್ ದಾಟುವಷ್ಟರಲ್ಲಿ ಮುಗಿದೇ ಹೋಗುತ್ತೆ ಅಂತ. ಜಾಹೀರಾತಿನವರು ಊಟದ ಹೊತ್ತಲ್ಲಿ ಮಾತಾಡ್ತಾರೆ, ನಾವು ಡಿಸಿ (ಡೆಲಿವರಿ ಚಲನ್) ಬರೆಸುವಾಗ ಮಾತಾಡ್ತೀವಿ. ಮೀಟರ್ ಲೆಕ್ಕ ನಮಗೆ ಬೇರೆ ಇರಬಹುದು, ಆದರೆ ಪದೇ ಪದೇ ಎದುರಾಗುವ ಅಗತ್ಯ ಇಬ್ಬರಿಗೂ ಒಂದೇ.

ಹಾಗಂತ ಜನ್ಮಪೂರ್ತಿ ಪೀಣ್ಯದಲ್ಲೇ ಇರಿ ಅನ್ನಲ್ಲ. ಫ್ರಾನ್ಸ್‌ನಲ್ಲಿ 1993ರಿಂದ 1996ರ ನಡುವೆ ಜಾಗ ಬದಲಿಸಿದ ಘಟಕಗಳಲ್ಲಿ ಶೇ 72ರಷ್ಟು, ಹತ್ತಾರು ಬಗೆಯ ಉದ್ಯಮಗಳಿದ್ದ ಊರುಗಳನ್ನು ಬಿಟ್ಟು ಒಂದೇ ಕಸುಬು ಗಟ್ಟಿಯಾಗಿದ್ದ ಊರುಗಳಿಗೆ ಹೋದವು. ಪ್ರಯೋಗ ಮಾಡುವಾಗ ದೊಡ್ಡ ಊರು ಬೇಕು, ಕೆಲಸ ಒಂದು ಹದಕ್ಕೆ ಬಂದಮೇಲೆ ಅಲ್ಲಿನ ಖರ್ಚು ಭಾರ. ನಿಮ್ಮ ಕೆಲಸವನ್ನೂ ಹಾಗೇ ಎರಡು ಪಾಲು ಮಾಡಿ. ವರ್ಷಗಟ್ಟಲೆಯಿಂದ ಅದೇ ಡ್ರಾಯಿಂಗ್, ಅದೇ ಫಿಕ್ಸ್ಚರ್, ರಿಜೆಕ್ಷನ್ ಇಲ್ಲವೇ ಇಲ್ಲ ಅನ್ನುವಂಥ ಜಾಬ್‌ಗಳು ವಸಂತನರಸಾಪುರಕ್ಕೆ ಹೋಗಲಿ. ಹೊಸ ಡೆವಲಪ್‌ಮೆಂಟ್, ಸ್ಯಾಂಪಲ್, ಅರ್ಜೆಂಟ್ ಕೆಲಸಕ್ಕೆ ಒಂದು ಲೇತ್ ಇಟ್ಟುಕೊಂಡು ಇಲ್ಲೇ ಚಿಕ್ಕ ಜಾಗ ಉಳಿಸಿಕೊಳ್ಳಿ. ಅಲ್ಲಿಗೆ ತಮ್ಮ ಹೋಗಲಿ, ಇಲ್ಲಿ ನೀವಿರಿ. ಹೊಸಬರ ಡ್ರಾಯಿಂಗ್ ಬರುವುದು ನಿಮ್ಮ ಪರಿಚಯದ ಮೇಲೆ.

ಪ್ರಶ್ನೆ (ಅವರೇ): ಅಲ್ಲೂ ಮಷಿನ್ ಟೂಲ್ ಪಾರ್ಕ್ ಆಗಿದೆ, ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಅಲ್ಲೂ ಪೀಣ್ಯದ ಥರ ಆಗಲ್ವಾ?

ಉತ್ತರ: ಆಗಲಿ ಅಂತ ನನಗೂ ಆಸೆ. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಜಾಲಹಳ್ಳಿಗೆ ಎಚ್‌ಎಂಟಿ ಬಂದಮೇಲೆ ಪೀಣ್ಯ ತಲೆಯೆತ್ತಲು ಎರಡು ದಶಕ ಹಿಡಿಯಿತು. ದೊಡ್ಡ ಕಾರ್ಖಾನೆ ನೋಡಿ ಜಾಗ ಕೊಳ್ಳಬೇಡಿ. ನಿಮ್ಮ ಶಾಫ್ಟ್ ಹಾರ್ಡನ್ ಮಾಡುವವರು, ಗ್ರೈಂಡ್ ಮಾಡುವವರು ಅಲ್ಲಿ ಯಾರಿದ್ದಾರೆ, ರಾತ್ರಿ ಪಾಳಿಗೆ ಆಪರೇಟರ್ ಸಿಗ್ತಾರಾ, ಸ್ಪಿಂಡಲ್ ಕೆಟ್ಟರೆ ಸರ್ವಿಸ್‌ನವರು ಅದೇ ದಿನ ಬರ್ತಾರಾ, ಇಷ್ಟನ್ನು ಅಲ್ಲಿ ಈಗಾಗಲೇ ಶೆಡ್ ಹಾಕಿದವರ ಹತ್ತಿರ ನೇರವಾಗಿ ಕೇಳಿ. ಅಡ್ವಾನ್ಸ್ ಕೊಡೋಕೆ ಮುಂಚೆ ಮೂರು ತಿಂಗಳು ಒಂದು ಪುಸ್ತಕ ಇಡಿ: ಯಾವ ದಿನ, ಯಾವ ಜಾಬ್‌ಗೆ, ಯಾರ ಹತ್ತಿರ ಓಡಿದ್ರಿ, ಅವರು ಏನು ಹೇಳಿದ್ರು. ಯಾವ ಜಾಬ್ ಪೀಣ್ಯ ಬಿಟ್ಟು ಹೋಗಬಹುದು, ಯಾವುದು ಆಗಲ್ಲ ಅಂತ ಆ ಪುಸ್ತಕವೇ ಹೇಳುತ್ತೆ.

ಪ್ರಶ್ನೆ (ಸಾಗರದಿಂದ): ಸರ್, ನನ್ನದು ಉಲ್ಟಾ ಪ್ರಶ್ನೆ. ನಾವು ಅಡಿಕೆ ಸುಲಿಯುವ ಯಂತ್ರ ಮಾಡ್ತೇವೆ. ಸುತ್ತಮುತ್ತ ಚೆನ್ನಾಗಿ ಹೋಗ್ತದೆ. ದೊಡ್ಡದು ಮಾಡಬೇಕಂದ್ರೆ ಬೆಂಗಳೂರಿಗೇ ಹೋಗಿ ಅಂತಾರೆ ಎಲ್ಲರೂ.

ಉತ್ತರ: ದಯವಿಟ್ಟು ಹೋಗಬೇಡಿ. ಪೀಣ್ಯದವರಿಗೆ ಬೇಕಾದ ತಿಳಿವಳಿಕೆ ಕಸುಬುದಾರರ ಹತ್ತಿರ ಇದೆ, ನಿಮಗೆ ಬೇಕಾದದ್ದು ಬೆಳೆಗಾರರ ಅಂಗಳದಲ್ಲಿದೆ. ಹಸಿ ಅಡಿಕೆ ಯಾವ ಹದದಲ್ಲಿ ಬಂದರೆ ಬ್ಲೇಡು ಬೇಳೆಯನ್ನೇ ಕೆತ್ತುತ್ತೆ, ಗಾತ್ರ ಹೆಚ್ಚುಕಮ್ಮಿ ಆದಾಗ ಎಲ್ಲಿ ಸಿಕ್ಕಿಕೊಳ್ಳುತ್ತೆ, ಕೊಯ್ಲಿನ ನಡುವೆ ರಾತ್ರಿ ಯಂತ್ರ ನಿಂತರೆ ಬೇಯಿಸಬೇಕಾದ ಅಡಿಕೆಯ ಗತಿ ಏನು, ಇವು ಬೆಂಗಳೂರಿನ ಡಿಸೈನ್ ಆಫೀಸಿನಲ್ಲಿ ಕೂತರೆ ಗೊತ್ತಾಗಲ್ಲ. ನಿಮ್ಮ ಯಂತ್ರ ಸುಧಾರಿಸಿದ್ದೇ ಆ ರಾತ್ರಿಯ ಫೋನ್‌ಗಳಿಂದ. ಎರಕದ ಕೆಲಸಕ್ಕೆ ಶಿವಮೊಗ್ಗದಲ್ಲೇ ಫೌಂಡ್ರಿಗಳಿವೆ. ಬೇರಿಂಗ್, ಮೋಟರ್ ಎಲ್ಲಿಂದ ಬೇಕಾದರೂ ತರಿಸಬಹುದು.

ಆದರೆ ಇದೇ ತಿಳಿವಳಿಕೆ ನಿಮಗೆ ಗಡಿಯನ್ನೂ ಹಾಕುತ್ತೆ, ಅದನ್ನು ಮರೆಯಬೇಡಿ. ಪುತ್ತೂರು, ಸುಳ್ಯದ ಕಡೆ ಚಾಲಿ, ಅಂದರೆ ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಅಡಿಕೆ. ಅಲ್ಲಿ ಸುಲಿಯುವುದು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗಿಸಿದ ಗೋಟು. ಸಿಪ್ಪೆಯ ಗುಣವೇ ಬೇರೆ, ನಿಮ್ಮ ಹಸಿ ಅಡಿಕೆ ಯಂತ್ರ ಅಲ್ಲಿಗೆ ಹೊಂದಲ್ಲ. ಚನ್ನಗಿರಿ ಕಡೆ ಖೇಣಿ ಮಾಡುವವರು (ತೋಟದ ಫಸಲನ್ನೇ ಗುತ್ತಿಗೆ ಹಿಡಿಯುವವರು) ಒಂದೇ ಕಡೆ ಲೋಡುಗಟ್ಟಲೆ ಸುಲಿಸ್ತಾರೆ, ಅವರಿಗೆ ದೊಡ್ಡ ಯಂತ್ರ ಬೇಕು, ಬಿಡಿಭಾಗ ಪಕ್ಕದಲ್ಲೇ ಸಿಗಬೇಕು. ಬರೀ ಡೀಲರ್ ಹಿಡಿದು ಯಂತ್ರ ಕಳಿಸಿದರೆ ಮೊದಲ ಸುಗ್ಗಿಗೇ ಹೆಸರು ಕೆಡುತ್ತೆ. ಅಲ್ಲಿಯ ಹುಡುಗನೊಬ್ಬನನ್ನು ಫಿಟ್ಟರ್ ಆಗಿ ತೆಗೆದುಕೊಂಡು ಒಂದು ಸೀಸನ್ ನಿಮ್ಮ ಜತೆ ಇಟ್ಟುಕೊಳ್ಳಿ. ಮುಂದಿನ ಸೀಸನ್‌ಗೆ ಅವನೂರಲ್ಲೇ ಎರಡು ಯಂತ್ರ ಓಡಿಸಿ ನೋಡಿ, ಆಮೇಲೆ ಮಾರಾಟ.

ಪ್ರಶ್ನೆ (ಮತ್ತೆ ಪೀಣ್ಯದಿಂದ): ಒಂದು ಮಾತು ಕೇಳೋದು ಬಿಟ್ಟೆ ಸರ್. ಮಷಿನ್ ಹೊಂದಿಸುವ ಸೆಟ್ಟರ್‌ನ ಕಷ್ಟಪಟ್ಟು ತಯಾರು ಮಾಡ್ತೀವಿ, ಪಕ್ಕದ ರೋಡಿನವರು ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗ್ತಾರೆ. ಬಾಂಡ್ ಬರೆಸಿಕೊಳ್ಳಬಹುದಾ?

ಉತ್ತರ: ಕೆಲಸ ಬಿಟ್ಟಮೇಲೆ ಪಕ್ಕದ ಕಂಪನಿ ಸೇರಬಾರದು ಅಂತ ಬರೆಸಿಕೊಂಡರೆ ನಡೆಯಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಷರತ್ತು ಅಸಿಂಧು. ನನ್ನ ಮಟ್ಟಿಗೆ ಅದು ಸರಿಯಾದ ಕಾನೂನೇ. ಈಗ ನಿಮ್ಮಲ್ಲಿರುವ ಸೆಟ್ಟರ್ ಕೂಡ ಬೇರೆ ಯಾರದೋ ಶೆಡ್ಡಿನಲ್ಲಿ ಕಲಿತು ಬಂದವನೇ ಅಲ್ವಾ? ಜನ ಓಡಾಡುವುದರಿಂದಲೇ ಕಸುಬು ಹರಡಿದ್ದು. ನೀವು ಮಾಡಬಹುದಾದದ್ದು, ಒಬ್ಬ ಹೋದರೆ ಮಷಿನ್ ನಿಲ್ಲದ ಹಾಗೆ ನೋಡಿಕೊಳ್ಳುವುದು. ಪ್ರತಿ ಜಾಬ್‌ಗೂ ಸೆಟಪ್ ಶೀಟ್ ಬರೆಸಿ: ಯಾವ ಇನ್ಸರ್ಟ್, ಎಷ್ಟು ಆಫ್‌ಸೆಟ್, ಎಷ್ಟನೇ ಪೀಸಿಗೆ ಗೇಜ್ ಹಾಕಬೇಕು, ಕ್ಲಾಂಪ್ ಬಿಗಿಯಾದರೆ ಏನಾಗುತ್ತೆ. ಸೆಟ್ಟರ್ ಬಾಯಲ್ಲಿ ಹೇಳಲಿ, ಐಟಿಐ ಮುಗಿಸಿ ಬಂದ ಹುಡುಗ ಕನ್ನಡದಲ್ಲೇ ಬರೆಯಲಿ, ಫೋಟೋ ಅಂಟಿಸಲಿ. ಹೀಗೆ ಎರಡನೆಯವನನ್ನು ತಯಾರು ಮಾಡಿದ ಸೆಟ್ಟರ್‌ಗೆ ಸಂಬಳದಲ್ಲೇ ಅದನ್ನು ತೋರಿಸಿ. ವಸಂತನರಸಾಪುರಕ್ಕೆ ಮಷಿನ್ ಸಾಗಿಸುವ ದಿನ ಬಂದರೆ ಲಾರಿಯಲ್ಲಿ ಮೊದಲು ಹೋಗಬೇಕಾದದ್ದು ಈ ಶೀಟುಗಳ ಫೈಲು. ಅದು ತಯಾರಾಗುವವರೆಗೆ ಯಾವ ಮಷಿನ್ನನ್ನೂ ಕದಲಿಸಬೇಡಿ.