40ರ ಐದನೇ ಮೂರು ಭಾಗ: ಮಗಳಿಗೆ ಹೇಗೆ ಹೇಳಿಕೊಡಲಿ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ನಮಸ್ಕಾರ. ನನ್ನ ಮಗಳು ಐದನೇ ತರಗತಿಯಲ್ಲಿದ್ದಾಳೆ. ಅರ್ಧ, ಕಾಲು ಎಂದರೆ ತಡವರಿಸದೆ ಹೇಳುತ್ತಾಳೆ. ಆದರೆ 40ರ 3/5 ಎಷ್ಟು ಎಂದು ಕೇಳಿದರೆ "ಮೂರು ಬೈ ಐದು" ಎಂದು ಓದಿಕೊಂಡು, ಮೊದಲು ಕಂಡ ಮೂರರಿಂದಲೇ ಭಾಗಿಸಲು ಹೊರಡುತ್ತಾಳೆ. ಶೇಷ ಉಳಿದಾಗ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡುತ್ತಾಳೆ. ಕೆಲವೊಮ್ಮೆ ಐದರಿಂದ ಭಾಗಿಸಿ, 8 ಎಂದು ಬರೆದು ಅಲ್ಲಿಗೇ ಬಿಡುತ್ತಾಳೆ. "ಛೇದದಿಂದ ಭಾಗಿಸು, ಅಂಶದಿಂದ ಗುಣಿಸು" ಎಂದು ಬಾಯಿಪಾಠ ಮಾಡಿಸಿದ್ದೇನೆ. ಮರುದಿನ ಅದು ತಿರುಗುಮುರುಗಾಗಿರುತ್ತದೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ (ಸಾಗರದಿಂದ, ನಿವೃತ್ತ ಶಿಕ್ಷಕ)

ತಾಯಿ, ತೊಡಕಿರುವುದು ಲೆಕ್ಕದಲ್ಲಲ್ಲ, ಓದುವ ರೀತಿಯಲ್ಲಿ. "ಮೂರು ಬೈ ಐದು" ಎಂದಾಗ ಮೂರು ಮೊದಲು ಕಿವಿಗೆ ಬೀಳುತ್ತದೆ, ಮಗು ಅದನ್ನೇ ಹಿಡಿದುಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಅದು "ಐದನೇ ಮೂರು ಭಾಗ". ಮೊದಲು ಐದು, ಆಮೇಲೆ ಮೂರು, ಅಂದರೆ ಮಾಡಬೇಕಾದ ಕೆಲಸದ ಕ್ರಮವೇ ಹೆಸರಿನಲ್ಲಿದೆ. ಛೇದ ಎಂದರೆ ಕತ್ತರಿಸುವುದು, ಅಂಶ ಎಂದರೆ ಪಾಲು: ಕತ್ತರಿಸದೆ ಪಾಲು ಎತ್ತಿಕೊಳ್ಳಲು ಯಾರಿಗೂ ಆಗದು. ಅವಳಿಗೆ ತಿಳಿದಿರುವ "ಮುಕ್ಕಾಲು" ಕೂಡ ಮೂರು ಕಾಲು ಎಂಬುದೇ ಅಲ್ಲವೇ? ಕಾಲು ಮಾಡಿಕೊಂಡು ಮೂರನ್ನು ಎಣಿಸಿದರೆ ಮುಕ್ಕಾಲು. ಸೂತ್ರವನ್ನು ಸದ್ಯಕ್ಕೆ ಬದಿಗಿಟ್ಟು, ಸುಲಿದ ಅಡಿಕೆ 40 ಎಣಿಸಿ ಕೊಡಿ. ಐದು ಗುಂಪು ಮಾಡಿ ಮೂರು ಗುಂಪನ್ನು ತನ್ನ ಕಡೆಗೆ ಎಳೆದುಕೊಳ್ಳಲಿ.

ಉತ್ತರ (ಹೊಸನಗರದಿಂದ, ಕೃಷಿಕ)

ಮೇಷ್ಟ್ರ ಮಾತು ಸರಿ. ಅಭ್ಯಾಸಕ್ಕೆ ಎಕರೆ-ಗುಂಟೆ ಲೆಕ್ಕವನ್ನು ಕೊಡಿ ಎನ್ನುವುದು ನನ್ನ ಸಲಹೆ. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಎಂಟನೇ ಮೂರು ಭಾಗವೆಂದರೆ ಸಲೀಸಾಗಿ 6 ಆಣೆ, ಆದರೆ ಐದನೇ ಭಾಗ ಸರಿಯಾಗಿ ಸಿಗುತ್ತಿರಲಿಲ್ಲ. 1957ರಲ್ಲಿ 100 ಪೈಸೆ ಬಂದ ಮೇಲೆ ಐದನೇ ಭಾಗ 20 ಪೈಸೆಯಾಯಿತು, ಎಂಟನೇ ಭಾಗ ಹನ್ನೆರಡೂವರೆಗೆ ಸಿಕ್ಕಿಕೊಂಡಿತು. ಎಕರೆಯ 40 ಗುಂಟೆಗೆ ಈ ಎರಡು ತಾಪತ್ರಯವೂ ಇಲ್ಲ. ಕಾಲು ಎಕರೆ 10 ಗುಂಟೆ, ಮುಕ್ಕಾಲು 30, ಐದನೇ ಎರಡು ಭಾಗ 16, ಎಂಟನೇ ಮೂರು ಭಾಗ 15. ತೋಟ ಪಾಲಾಗುವ ಮಾತು ಕೇಳಿ ಬೆಳೆದ ಮಕ್ಕಳಿಗೆ ಗುಂಟೆಯೇನೂ ಹೊಸತಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಜಗಲಿಯಲ್ಲಿ ಅಡಿಕೆ ಹರವಿಕೊಂಡು ಕುಳಿತೆವು (ಆರಿಸಿಟ್ಟಿದ್ದನ್ನು ಕಲಸಿದಿರೆಂದು ಮಾವನವರು ಗೊಣಗಿದರು). ಮೂರು ಗುಂಪನ್ನು ಎಳೆದುಕೊಂಡು 24 ಎಂದಳು. ಉಳಿದ 16 ಅನ್ನು ತಾನಾಗಿಯೇ "ಐದನೇ ಎರಡು" ಎಂದೂ ಹೇಳಿದಳು. ಇನ್ನೊಂದು ಸಂಶಯವಿದೆ: 50ರ ಮುಕ್ಕಾಲು ಕೇಳಿದಾಗ ನಾಲ್ಕು ಗುಂಪು ಸಮವಾಗಲಿಲ್ಲ, ಎರಡು ಅಡಿಕೆ ಉಳಿದವು.

ಉತ್ತರ (ಸಾಗರದಿಂದ, ನಿವೃತ್ತ ಶಿಕ್ಷಕ)

ಅಡಿಕೆ ಒಡೆಯಬೇಕಾದ ಹಂತ ಅದು. ಉಳಿದ ಎರಡನ್ನು ಅಡಕತ್ತರಿಯಿಂದ ಹೋಳು ಮಾಡಿದರೆ ಗುಂಪಿಗೆ ಹನ್ನೆರಡೂವರೆ, ಮೂರು ಗುಂಪಿಗೆ ಮೂವತ್ತೇಳೂವರೆ. ಮೊದಲು ಮೂರರಿಂದ ಗುಣಿಸಿ 150 ಮಾಡಿಕೊಂಡು ನಾಲ್ಕರಿಂದ ಭಾಗಿಸಿದರೂ ಉತ್ತರ ಅದೇ; ಕಾಗದದ ಮೇಲೆ ಅದು ಸುಲಭ. ಆದರೆ ಗುಂಪು ಮಾಡುವುದು ಕೈಗೆ ಹತ್ತುವವರೆಗೆ ಈ ಎರಡನೇ ದಾರಿಯನ್ನು ಅವಳಿಗೆ ಹೇಳಬೇಡಿ.